ಮಾವನ ಕಾರಿನ ಎಂಜಿನ್ ಬಿಚ್ಚಿದ ದೊಡ್ಡ ಅಳಿಯ

ನಿಮಗೆ ಷಡ್ಡಕ ಇದ್ದಾನಾ? ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ, ಅವನನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುತ್ತದೋ ಇಲ್ಲವೋ? ಹೆಂಡತಿಯ ತಂಗಿಗೆ ಗಂಡ ಅಂತ ಒಬ್ಬನನ್ನು ದೇವರು ಯಾಕಾದರೂ ಸೃಷ್ಟಿ ಮಾಡಿದನೋ ಅಂತ ಹಬ್ಬದ ಊಟಕ್ಕೆ ಕೂತಾಗ ನಿಮಗೂ ಅನ್ನಿಸಿದೆಯಾ? "ಇಲ್ಲಪ್ಪ, ನಾವಿಬ್ಬರೂ ಅಣ್ಣತಮ್ಮಂದಿರ ಹಾಗಿದ್ದೇವೆ" ಅನ್ನುವವರು ಇಲ್ಲಿಂದಲೇ ಬೆರಳು ಸರಿಸಿ ಮುಂದೆ ಹೋಗಿ. ಇದು ನಿಮಗೆ ಅರ್ಥವಾಗುವ ಸಂಗತಿಯಲ್ಲ.

ನಾನು ಕೊಟ್ಟೂರಿನಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟವನು. ನನ್ನ ಷಡ್ಡಕ ಹರಪನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ನನಗಿಂತ ಚಿಕ್ಕವನು, ನನಗಿಂತ ಎತ್ತರ, ತಲೆಯ ಮೇಲೆ ಹುಟ್ಟಿದಾಗಿನ ಕೂದಲು ಇನ್ನೂ ಹಾಗೇ ಇದೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಬೇಸಿಗೆ ರಜೆಯಲ್ಲಿ ಅವನು ತನ್ನ ಹಳೆಯ ಸಣ್ಣ ಕಾರಿನ ಎಂಜಿನ್ ಇಳಿಸಿ, ಮನೆಯ ಮುಂದೆಯೇ ಬಿಚ್ಚಿ, ಮತ್ತೆ ಜೋಡಿಸಿ ಓಡಿಸಿಬಿಟ್ಟ. ಮೆಕ್ಯಾನಿಕ್ಕನ್ನು ಕರೆಯಲಿಲ್ಲ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಮಾಡಿದ. ಮಾಡಿ ಸುಮ್ಮನಿದ್ದನಾ? ಬೋಲ್ಟು ಬಿಚ್ಚಿದಾಗಲೆಲ್ಲ ಕುಟುಂಬದ ಗ್ರೂಪಿಗೆ ಒಂದು ಫೋಟೋ. ಪಿಸ್ಟನ್ ಹಿಡಿದು ನಿಂತದ್ದು, ಮೊಣಕೈತನಕ ಗ್ರೀಸ್ ಬಳಿದುಕೊಂಡದ್ದು. ನನ್ನ ಹೆಂಡತಿ ಆ ಗ್ರೀಸ್ ಕೈಯ ಫೋಟೋಕ್ಕೆ ಕೆಂಪು ಹೃದಯ ಒತ್ತಿದಳು. ನನ್ನ ಕೈಗೂ ಮದುವೆಗೆ ಮೊದಲಿನಿಂದ ಶಾಯಿ ಹತ್ತಿಕೊಂಡೇ ಇದೆ. ಅದಕ್ಕೆ ಯಾವತ್ತೂ ಒಂದು ಹೆಬ್ಬೆರಳು ಕೂಡ ಬಂದಿಲ್ಲ.

ಆದರೆ ನಿಜವಾದ ಉರಿ ಫೋಟೋದ್ದಲ್ಲ, ಕುರ್ಚಿಯದು.

ನಮ್ಮ ಮಾವನವರ ಮನೆ ಹಿರೇಹಡಗಲಿಯಲ್ಲಿ. ಅಲ್ಲಿಗೆ ನಾನು ದೊಡ್ಡ ಅಳಿಯ. ಅಂಗಳಕ್ಕೆ ಕಾಲಿಟ್ಟರೆ ಕಾಲಿಗೆ ನೀರು, ಪಡಸಾಲೆಯಲ್ಲಿ ಕುರ್ಚಿ, ಕುರ್ಚಿಯ ಮೇಲೆ ಮಡಿಸಿದ ಹೊಸ ಟವೆಲ್. "ಬರ್ರಿ ಅಳಿಯಾರ, ಕುಂದರ್ರಿ" ಅಂದರೆ ಮುಗಿಯಿತು. ಆಮೇಲೆ ಏಳುವ ಹಾಗಿಲ್ಲ. ಒಂದು ಚೀಲ ಎತ್ತಲು ಹೋದರೆ "ಅಯ್ಯ, ನೀವ್ಯಾಕ್ರಿ" ಅನ್ನುತ್ತಾರೆ. ನೀರಿನ ತಂಬಿಗೆಗೆ ಕೈ ಚಾಚಿದರೆ ಅತ್ತೆಯವರು ಓಡಿ ಬರುತ್ತಾರೆ. ಅಳಿಯನ ಕೈಯಲ್ಲಿ ಕೆಲಸ ಮಾಡಿಸಿದರೆ ಆ ಮನೆಯ ಮರ್ಯಾದೆ ಹೋಗುತ್ತದೆ ಅನ್ನುವುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಮದುವೆಯಾದಂದಿನಿಂದ ಆ ಮನೆಯಲ್ಲಿ ನಾನು ಒಂದು ಕಡ್ಡಿ ಎತ್ತಿ ಆಚೆ ಇಟ್ಟವನಲ್ಲ.

ಷಡ್ಡಕನ ಲೆಕ್ಕವೇ ಬೇರೆ. ಅವನೂ ಅಳಿಯನೇ, ಆದರೆ ಅದಕ್ಕೂ ಮೊದಲು ಮಾವನವರ ಸ್ವಂತ ತಂಗಿಯ ಮಗ. ಮೂಗು ಸೋರುವ ಕಾಲದಿಂದ ಆ ಅಂಗಳದಲ್ಲಿ ಕುಣಿದವನು. ಅವನಿಗೆ ಕುರ್ಚಿಯೂ ಇಲ್ಲ, ಟವೆಲ್ಲೂ ಇಲ್ಲ. ಅವನ ಬೈಕಿನ ಸದ್ದು ಕೇಳಿದರೆ ಸಾಕು, ಮಾವನವರು ಒಳಗಿನಿಂದಲೇ ಕೂಗುತ್ತಾರೆ.

"ಲೇ, ಬಂದೇನಲೇ? ಮೋಟಾರ್ ಯಾಕೋ ನೀರು ಎತ್ತವಲ್ದು, ಹೋಗಿ ನೋಡು."

"ಮೊದಲು ಚಾ ಕುಡಿಸು ಮಾಮಾ."

"ಚಾ ಕುಡಿಯೋ ಮಾರಿ ನೋಡು! ಮೊದಲು ನೀರು ಎತ್ತಿಸು, ಆಮ್ಯಾಲ ಚಾ."

ಆಮೇಲೆ ಇಬ್ಬರೂ ಬೇವಿನ ಮರದ ಕೆಳಗೆ ತಲೆಗೆ ತಲೆ ಕೊಟ್ಟು ಕೂತು ಬೈದಾಡುತ್ತ, ನಗುತ್ತ ಮೋಟಾರು ಬಿಚ್ಚುತ್ತಾರೆ. ನಾನು ಪಡಸಾಲೆಯ ಕುರ್ಚಿಯಲ್ಲಿ ಮಂಡಕ್ಕಿ ತಟ್ಟೆ ಹಿಡಿದುಕೊಂಡು ಟಿ.ವಿ. ನೋಡುತ್ತೇನೆ. ಹೊರಗಿನ ನಗು ಕೇಳಿಸುತ್ತದೆ. ಯಾತಕ್ಕೆ ನಕ್ಕರು ಅಂತ ಎದ್ದು ಹೋಗಿ ಕೇಳುವ ಹಾಗಿಲ್ಲ. ನನ್ನ ಅಪ್ಪ ನನ್ನ ಮೀಸೆ ಚಿಗುರುವ ಮೊದಲೇ ತೀರಿಕೊಂಡರು. ಕೈ ಹೊಲಸು ಮಾಡಿಕೊಂಡ ಮಗನನ್ನು ಬೈಯುವ ಗಂಡಸಿನ ದನಿ ನಮ್ಮ ಮನೆಯಲ್ಲಿ ಕೇಳಿಸಿದ್ದು ಕಡಿಮೆ. ಆ ಬೈಗುಳ ನನಗೂ ಬೇಕಿತ್ತು. ಅಂಗಡಿಯಲ್ಲಿ ಸಿಗುವಂಥದ್ದಾಗಿದ್ದರೆ ಯಾವತ್ತೋ ಕೊಂಡುಬಿಡುತ್ತಿದ್ದೆ.

ದೀಪಾವಳಿಗೆ ಎಲ್ಲರೂ ಸೇರಿದ್ದೆವು. ಮಾವನವರ ಹತ್ತಿರ ಒಂದು ಬಿಳಿಯ ಸಣ್ಣ ಕಾರು ಇದೆ, ಮೂರು ಸಿಲಿಂಡರಿನದು, ಬಹಳ ಹಳೆಯದು. ಅದು ಆ ಸಲ ಸ್ಟಾರ್ಟ್ ಮಾಡಿದರೆ ಒಲೆಗೆ ಹಸಿ ಕಟ್ಟಿಗೆ ಹಾಕಿದ ಹಾಗೆ ನೀಲಿ ಹೊಗೆ ಬಿಡುತ್ತಿತ್ತು. ಷಡ್ಡಕ ಹೊಗೆಯನ್ನು ಮೂಸಿ ನೋಡಿದ. ನಿಜವಾಗಿ ಮೂಸಿದ, ಡಾಕ್ಟರ ಹಾಗೆ.

"ಮಾಮಾ, ರಿಂಗ್ ಹೋಗ್ಯಾವ. ಆಯಿಲ್ ಕುಡಿಯಾಕ ಹತ್ತೈತಿ. ಎಂಜಿನ್ ಇಳಿಸಬೇಕು."

"ನಾ ಇಳಸ್ತೀನಿ" ಅಂದೆ.

ಕುರ್ಚಿಯಲ್ಲಿ ಕೂತೇ ಅಂದೆ. ಅಂಗಳದಲ್ಲಿದ್ದವರೆಲ್ಲ ಪಡಸಾಲೆಯ ಕಡೆ ತಿರುಗಿದರು.

"ಏನು ಇಳಸ್ತೀರಿ ಅಳಿಯಾರ?" ಮಾವನವರು ಕೇಳಿದರು.

"ಎಂಜಿನ್ನು."

ಅಡುಗೆಮನೆ ಬಾಗಿಲಲ್ಲಿ ನನ್ನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. "ರೀ, ಮನ್ಯಾಗ ಗ್ಯಾಸಿಗೆ ರೆಗ್ಯುಲೇಟರ್ ಹಚ್ಚಾಕ ಬರಂಗಿಲ್ಲ ನಿಮಗ."

"ಅಣ್ಣಾರು ಮಾಡ್ಲಿ ಬಿಡು ಮಾಮಾ, ನಾ ಮಗ್ಗಲಾಗ ಇರ್ತೀನಿ" ಅಂದ ಷಡ್ಡಕ. ನೋಡಿ, ಇದು ಅವನ ದೊಡ್ಡ ದುರ್ಗುಣ. ಒಳ್ಳೆಯವನು. ಕೆಟ್ಟವನಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು.

"ನೀ ಏನ್ ಇರೋದು ಬ್ಯಾಡ ತಮ್ಮ. ನಿನಗ ಸಾಲಿ ಐತಿ" ಅಂದೆ.

ಹಬ್ಬ ಮುಗಿದ ಮೇಲೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹಿರೇಹಡಗಲಿಯಲ್ಲಿ ಠಿಕಾಣಿ ಹೂಡಿದೆ. "ಹೆಂಡತಿ ಸಿಟ್ಟಾಗಿ ತವರಿಗೆ ಹೋಗೋದು ಕೇಳೀನಿ. ಇವರು ನನ್ನ ತವರಿಗೆ ಹೋಗಿ ಕುಂತಾರ" ಅಂತ ಅವಳು ಬಂದ ಗಿರಾಕಿಗಳಿಗೆಲ್ಲ ಹೇಳಿದಳಂತೆ.

ಕೆಲಸ ಶುರುವಾದ ದಿನ ಮಾವನವರು ಏನು ಮಾಡಿದರು ಗೊತ್ತಾ? ಕುರ್ಚಿಯನ್ನೇ ತಂದು ಬೇವಿನ ಮರದ ಕೆಳಗೆ, ಕಾರಿನ ಪಕ್ಕ ಹಾಕಿದರು. ಮೇಲೆ ಟವೆಲ್ ಹಾಸಿದರು. "ಕುಂತು ಮಾಡ್ರಿ ಅಳಿಯಾರ." ಕಾರಿನ ಹೊಟ್ಟೆಯ ಕೆಳಗಿನ ಬೋಲ್ಟನ್ನು ಕುರ್ಚಿಯಲ್ಲಿ ಕೂತು ಯಾವ ದೇವರು ಬಿಚ್ಚುತ್ತಾನೆ ಹೇಳಿ. ಅವರು ಹೊರಗೆ ಬಂದಾಗ ಕುರ್ಚಿಯ ಮೇಲೆ ಕೂರುತ್ತಿದ್ದೆ, ಒಳಗೆ ಹೋದ ಕೂಡಲೇ ಕಾರಿನ ಕೆಳಗೆ ತೂರುತ್ತಿದ್ದೆ. ಎದುರು ಮನೆಯ ಅಜ್ಜಿ ಇದನ್ನು ದಿನವೂ ನೋಡುತ್ತಿದ್ದಳು. "ಕಳ್ಳತನ ಮಾಡಿದಂಗ ಕೆಲಸ ಮಾಡ್ತಾನಲ್ಲವ್ವ ಈ ಅಳಿಯ" ಅಂದಳು.

ನನ್ನ ಕೈಲಿ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಬಿಚ್ಚಿದ ಒಂದೊಂದು ವೈರಿಗೂ ಪೈಪಿಗೂ ನಮ್ಮ ಅಂಗಡಿಯ ಸ್ಟಿಕ್ಕರ್ ಅಂಟಿಸಿದೆ. ಯಾವುದು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹಳದಿಯ ಮೇಲೆ ಕೆಂಪಕ್ಷರದಲ್ಲಿ ಪ್ರಿಂಟ್ ಹಾಕಿದ್ದೆ. ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿದೆವು. ಅತ್ತೆಯವರು ಎಂಜಿನ್ನಿಗೆ ಕುಂಕುಮ ಹಚ್ಚಿ ಲಿಂಬೆಹಣ್ಣು ಇಳಿ ತೆಗೆದರು. ಚೈನ್ ಎಳೆದ ಹಾಗೆ ಎಂಜಿನ್ ಮೆಲ್ಲಗೆ ಮೇಲೆದ್ದು, ಕಾರಿನ ಹೊಟ್ಟೆಯಿಂದ ಹೊರಗೆ ಬಂದು ಗಾಳಿಯಲ್ಲಿ ತೂಗಿತು. ಅಷ್ಟು ಸಣ್ಣದು ಇಷ್ಟು ದಿನ ಅಷ್ಟು ಜನರನ್ನು ಹೊತ್ತಿತ್ತಾ ಅನ್ನಿಸಿತು. ಮೇಲಿನ ಹೆಡ್ ತೆಗೆದಾಗ ಪಿಸ್ಟನ್‌ಗಳ ತಲೆ ತಳ ಹಿಡಿದ ಪಾತ್ರೆಯ ಹಾಗೆ ಕರ್ರಗಿತ್ತು. ಸವೆದ ರಿಂಗುಗಳನ್ನು ಬಿಡಿಸಿ ಬೆರಳಿಗೆ ಹಾಕಿಕೊಂಡೆ. ಬಳೆಯ ಹಾಗೆ ಆಡಿದವು. ಆ ಹೊತ್ತು, ಆ ಒಂದು ಹೊತ್ತು ಮಾತ್ರ, ನನಗೆ ಷಡ್ಡಕನ ನೆನಪಿರಲಿಲ್ಲ.

ಸಿಲಿಂಡರ್ ಕೊರೆಸಲು ಎಂಜಿನ್ನಿನ ಬುಡವನ್ನು, ಅಂದರೆ ಬ್ಲಾಕನ್ನು, ಲಗೇಜ್ ಆಟೋದಲ್ಲಿ ಹರಪನಹಳ್ಳಿಯ ಲೇತ್ ಅಂಗಡಿಗೆ ಒಯ್ದೆ. ಅಂಗಡಿಯವರು ಬ್ಲಾಕ್ ನೋಡಿ ನನ್ನ ಮುಖ ನೋಡಿದರು.

"ಪಿ.ಟಿ. ಮಾಸ್ತರ್ ಕಡ್ಯಾರೇನ್ರಿ?"

"ಹೆಂಗ ಗೊತ್ತಾತು?"

"ಮನ್ಯಾಗ ಎಂಜಿನ್ ಬಿಚ್ಚೋ ಹುಚ್ಚು ಇಲ್ಲಿ ಅವರೊಬ್ಬರಿಗೇ ಐತ್ರಿ. ಆದ್ರ ಕೆಲಸ ಭಾಳ ಚೆಂದ ಮಾಡ್ತಾರ ನೋಡ್ರಿ ಅವರು."

ಕಾಸು ಕೊಟ್ಟು ಕೆಲಸ ಮಾಡಿಸುತ್ತಿರುವವನು ನಾನು, ಹೊಗಳಿಕೆ ಅವನಿಗೆ. ವಾಪಸು ಬರುವಾಗ ದಾರಿಯುದ್ದಕ್ಕೂ ಡಾಂಬರಿನ ಮೇಲೆ ಮೆಕ್ಕೆಜೋಳ ಒಣಗಲು ಹಾಕಿದ್ದರು. ಬಿಸಿಲಿಗೆ ಆ ಕಾಳು ಒಣಗಿದ್ದಕ್ಕಿಂತ ಹೆಚ್ಚು ನಾನು ಒಣಗಿದೆ.

ಬ್ಲಾಕನ್ನು ತಂದು ಅಂಗಳದಲ್ಲಿ ಗೋಣಿಚೀಲದ ಮೇಲೆ ಇಟ್ಟೆ. ಧೂಳು ಬೀಳಬಾರದು ಅಂತ ಮೇಲೆ ನಮ್ಮ ಅಂಗಡಿಯ ಫ್ಲೆಕ್ಸ್ ಬಿಗಿದು ಹಗ್ಗ ಕಟ್ಟಿದೆ. ಯಾರೂ ಒಯ್ಯದೆ ಉಳಿದ ಹುಟ್ಟುಹಬ್ಬದ ಬ್ಯಾನರ್. ಹುಟ್ಟುಹಬ್ಬದವನ ನಗುಮುಖ ಸರಿಯಾಗಿ ಸಿಲಿಂಡರುಗಳ ಮೇಲೆ ಬಂದಿತ್ತು. ಭಾನುವಾರ ಷಡ್ಡಕ ಬಂದ. ಕೈ ಹಿಂದೆ ಕಟ್ಟಿಕೊಂಡು ಬ್ಲಾಕಿನ ಸುತ್ತ ಒಂದು ಸುತ್ತು ಹಾಕಿದ.

"ಮ್ಯಾಲಿನ ಬಾಯಿ ಮುಚ್ಚೀರಿ ಅಣ್ಣಾರ, ಮಗ್ಗಲಾಗ ನೀರಿನ ಪಂಪಿನ ಬಾಯಿ ತೆರದೈತಿ. ಒಂದು ಅರಿವಿ ತುರುಕ್ರಿ."

"ಮೊದಲು ನಿನ್ನ ಬಾಯಿಗೆ ತುರುಕ್ಕೋ ತಮ್ಮ."

ಅವನು ನಕ್ಕ. ಮಾವನವರೂ ನಕ್ಕು ಅವನ ಬೆನ್ನಿಗೆ ಫಟ್ ಅಂತ ಬಾರಿಸಿದರು. "ತಿಂದೇನಲೇ? ಬಾಯಿ ಸುಮ್ಕಿರಂಗಿಲ್ಲ ನಿಂದು!" ಮಾತು ಹೇಳಿದವನು ನಾನು, ಬೆನ್ನಿಗೆ ಏಟು ಬಿದ್ದದ್ದು ಅವನಿಗೆ. ಆ ಕೈ ಅವನ ಬೆನ್ನ ಮೇಲೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ನಾನು ಅರಿವೆ ತುರುಕಲಿಲ್ಲ. ಅವನು ಹೇಳಿದ ಮೇಲೆ ಹೇಗೆ ತುರುಕಲಿ?

ಮಾರನೆಯ ದಿನವೇ ಮೆಕ್ಕೆಜೋಳದ ಮಷೀನ್ ಅಂಗಳಕ್ಕೆ ಬಂತು. ತೆನೆಯಿಂದ ಕಾಳು ಬಿಡಿಸುವ ಆ ಯಂತ್ರ ಶುರುವಾದರೆ ಕಾಳು ಗುಂಡಿನ ಹಾಗೆ ಹಾರುತ್ತದೆ. ಅಂಗಳ, ಬಚ್ಚಲು, ಎದುರು ಮನೆಯ ಅಜ್ಜಿಯ ಮಡಿಲು, ಎಲ್ಲ ಕಡೆ ಕಾಳು. ಹುಟ್ಟುಹಬ್ಬದವನ ಮುಖದ ಮೇಲೆ ಕಾಳು ಹಲಗೆ ಬಾರಿಸಿದ ಹಾಗೆ ಬಡಿದು ಪುಟಿಯುತ್ತಿತ್ತು. ನನ್ನ ಫ್ಲೆಕ್ಸ್ ಎಂಥ ಗಟ್ಟಿ ಅಂತ ಹೆಮ್ಮೆಯಿಂದ ನಿಂತು ನೋಡಿದೆ.

ಜೋಡಣೆ ಶುರುವಾಯಿತು. ಹೊಸ ಪಿಸ್ಟನ್‌ಗೆ ಹೊಸ ರಿಂಗ್ ಏರಿಸಿದೆ. ರಿಂಗುಗಳ ಸೀಳು ಒಂದರ ನೇರಕ್ಕೆ ಇನ್ನೊಂದು ಬರದ ಹಾಗೆ ತಿರುಗಿಸಿದೆ. ಎಣ್ಣೆ ಸುರಿದು ಪಿಸ್ಟನ್‌ಗಳನ್ನು ಒಂದೊಂದಾಗಿ ಒಳಗೆ ಇಳಿಸಿದೆ. ಕೊರೆಸಿದ ಹೊಸ ಸಿಲಿಂಡರಿನಲ್ಲಿ ಪಿಸ್ಟನ್ ಇಳಿಯುವಾಗ ಒಂದು ಉಸಿರು ಬಿಟ್ಟ ಸದ್ದು ಬರುತ್ತದೆ. ಅದನ್ನು ಕೇಳಿದವರಿಗೇ ಗೊತ್ತು. ಹೆಡ್ಡಿನ ಬೋಲ್ಟುಗಳನ್ನು ಲೆಕ್ಕದ ಬಿಗಿಗೆ ತಿರುಗಿಸಲು ಟಾರ್ಕ್ ಪಾನಾ ಬೇಕು. ಅದು ನನ್ನ ಹತ್ತಿರ ಇರಲಿಲ್ಲ. ನಾನು ಕೇಳುವ ಮೊದಲೇ ಷಡ್ಡಕ ತನ್ನದನ್ನು ಬಸ್ಸಿನವರ ಕೈಲಿ ಕಳಿಸಿದ್ದ. ಅದಕ್ಕೊಂದು ಬಟ್ಟೆಯ ಚೀಲ, ಚೀಲದ ಮೇಲೆ ನಾದಿನಿ ಹಾಕಿದ ಕಸೂತಿ. ಪಾನಾಕ್ಕೆ ಕಸೂತಿ! ಬೋಲ್ಟು ಬಿಗಿಯಾದಾಗಲೆಲ್ಲ ಆ ಪಾನಾ ಟಕ್ ಅನ್ನುತ್ತಿತ್ತು. ನನಗೆ ಅವನೇ ನಾಲಿಗೆ ಲೊಟಕಿಸಿದ ಹಾಗೆ ಕೇಳಿಸುತ್ತಿತ್ತು.

ಕೊನೆಗೆ ಎಂಜಿನ್ ಕಾರಿನೊಳಗೆ ಕೂತಿತು. ಸ್ಟಿಕ್ಕರ್ ನೋಡಿಕೊಂಡು ವೈರು, ಪೈಪು ಎಲ್ಲ ಹಚ್ಚಿದೆ. ಕೀಲಿ ತಿರುಗಿಸಿದೆ. ಗರ್ ಗರ್ ಅಂದು ಸತ್ತಿತು. ಮತ್ತೆ ತಿರುಗಿಸಿದೆ. ಹಿಡಿಯಿತು! ಮೊದಲು ಸ್ವಲ್ಪ ಹೊಗೆ, ಆಮೇಲೆ ಏನೂ ಇಲ್ಲ. ಹೊಲಿಗೆ ಮಷೀನಿನ ಹಾಗೆ ಮೆತ್ತಗಿನ ಸದ್ದು. ಓಣಿಯವರೆಲ್ಲ ಬಂದರು. ನಾನು ಕಾರಿನಿಂದ ಇಳಿದು, ಮೊಣಕೈತನಕ ಕಪ್ಪಾದ ಕೈ ಇಟ್ಟುಕೊಂಡು, ಬೆನ್ನು ಸ್ವಲ್ಪ ಮಾವನವರ ಕಡೆಗೇ ಮಾಡಿ ನಿಂತೆ. ಬಾರಿಸಲಿ ಅಂತ.

ಅವರು ಒಳಗೆ ಹೋಗಿ ತೆಂಗಿನಕಾಯಿ, ಎಲೆಯಡಿಕೆ, ಹೊಸ ಟವೆಲ್ ತಂದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಟವೆಲ್ ಹೊದಿಸಿ ಕೈಮುಗಿದರು. "ದೊಡ್ಡ ಕೆಲಸ ಮಾಡಿದ್ರಿ ಅಳಿಯಾರ." ಜನ ಚಪ್ಪಾಳೆ ತಟ್ಟಿದರು. ಮೋಟಾರಿನ ಒಂದು ವಾಷರ್ ಬದಲಿಸಿದವನಿಗೆ ಬೆನ್ನ ಮೇಲೆ ಕೈ, ಇಡೀ ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ತೆಂಗಿನಕಾಯಿ. ಸಭೆಯ ಮುಖ್ಯ ಅತಿಥಿಯ ಹಾಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಮುಂದಿನ ಭಾನುವಾರ ಕಾರನ್ನು ಹೊಳೆದಂಡೆಯ ಮಾಗಳಕ್ಕೆ ಒಯ್ದು ಹೊಳೆಯ ನೀರು ಹಾಕಿ ಪೂಜೆ ಮಾಡಬೇಕು ಅಂತ ಅತ್ತೆಯವರು ಹೇಳಿದರು. ಹೆಂಡತಿ ಕೊಟ್ಟೂರಿನಿಂದ ಬಂದಿದ್ದಳು. ನಾನು ಓಡಿಸುವುದು, ಪಕ್ಕದಲ್ಲಿ ಮಾವನವರು, ಹಿಂದೆ ಅತ್ತೆಯವರು, ನನ್ನ ಹೆಂಡತಿ, ನಾದಿನಿ. ಷಡ್ಡಕನಿಗೆ ಜಾಗವಿರಲಿಲ್ಲ. ಪಾಪ. ಬೈಕಿನಲ್ಲಿ ಹಿಂದೆ ಬಂದ. ಕನ್ನಡಿಯಲ್ಲಿ ಅವನು ಧೂಳು ತಿನ್ನುವುದು ಕಾಣುತ್ತಿತ್ತು. ನನಗೆ ಅಷ್ಟು ಸುಖ ಬಹಳ ದಿನದಿಂದ ಆಗಿರಲಿಲ್ಲ.

ಹೊಳೆ ಕಣ್ಣಿಗೆ ಬೀಳುವ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ನೋಡಿದೆ. ನಿಲ್ಲಿಸಬೇಕಿತ್ತು. ಹಿಂದೆ ಅವನಿದ್ದ, ಹೇಗೆ ನಿಲ್ಲಿಸಲಿ? ಮುಳ್ಳು ಕೆಂಪಿಗೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಬುಸ್ ಅಂತ ಹಬೆ ಎದ್ದಿತು.

"ನಿಂದರಸ್ರೀ!" ಹೆಂಡತಿ ಕಿರುಚಿದಳು. ರಸ್ತೆ ಪಕ್ಕ ಜಾಲಿಯ ನೆರಳಿಗೆ ತಂದು ನಿಲ್ಲಿಸಿದೆ. ಷಡ್ಡಕ ಬೈಕ್ ಇಳಿದು ಬಂದ.

"ಏನಾತ್ರಿ ಅಣ್ಣಾರ?"

"ಏನೂ ಆಗಿಲ್ಲ. ಹೊಸಾದೈತಲ್ಲ, ಬಿಸಿ ಆಗೈತಿ."

ಎಂಜಿನ್ ಆರುವ ತನಕ ಕಾದೆವು. ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಥರ್ಮೋಸ್ಟಾಟ್ ಅಂತ ಒಂದು ಪುಟ್ಟ ಬಾಗಿಲು ಇರುತ್ತದೆ. ಅದರ ಮುಚ್ಚಳ ಬಿಚ್ಚಿದೆ. ಒಳಗಿನಿಂದ ಹಳದಿಯಾದದ್ದೇನೋ ಪುಳಕ್ಕನೆ ನನ್ನ ಅಂಗೈ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ಒಂದು ಹಿಡಿ. ಬಿಸಿನೀರಿನಲ್ಲಿ ಉಬ್ಬಿ ದಪ್ಪಗಾದ ಮೆಕ್ಕೆಜೋಳ. ಪಂಪಿನ ತೆರೆದ ಬಾಯಿಯಿಂದ ಒಳಗೆ ಸೇರಿ, ಆ ಬಾಗಿಲಿಗೆ ಅಡ್ಡ ಕೂತಿತ್ತು.

ಅತ್ತೆಯವರು ಒಂದು ಕಾಳು ತೆಗೆದುಕೊಂಡು ಬೆರಳಿನಲ್ಲಿ ಹಿಸುಕಿ ನೋಡಿದರು. ಅಭ್ಯಾಸಬಲ.

"ಬೆಂದಾವ" ಅಂದರು.

ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಷಡ್ಡಕನ ಮುಖ ನೋಡಿದೆ. ಅವನು ಹೊಳೆಯ ಕಡೆ ನೋಡುತ್ತಿದ್ದ. 'ಅರಿವಿ ತುರುಕ್ರಿ ಅಂದಿದ್ದೆ' ಅಂತ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗ ಮಾವನವರು ಬಾಯಿ ತೆಗೆದರು.

"ಲೇ ಹುಚ್ಚಾ! ಎಂಜಿನ್ನಿನಾಗ ಗುಗ್ಗರಿ ಕುದಿಸೀಯಲ್ಲೋ! ಮಗ್ಗಲಾಗ ಬಾಯಿ ತೆರದೈತಿ ಅಂತ ಅವ ಬಡಕೊಂಡ, ಕಿವಿಯಾಗ ಏನ್ ಇಟ್ಕೊಂಡಿದ್ದಿ? ಏನ್ ನೋಡ್ತಿ ನಿಂತು? ಡಿಕ್ಕ್ಯಾಗ ಕೊಡ ಐತಿ, ತಗೊಂಡು ಓಡು ಹೊಳಿಗೆ!"

ಅತ್ತೆಯವರು ಅವರ ತೋಳು ಹಿಡಿದರು. "ಅಯ್ಯ, ದೊಡ್ಡ ಅಳಿಯಾರಿಗೆ ಹಂಗನ್ನಬಾರದ್ರೀ."

"ಎಂಥ ದೊಡ್ಡ ಅಳಿಯ! ನನ್ನ ಕಾರು ಬೇಯಿಸ್ಯಾನ ಇವ. ಇನ್ನೂ ಇಲ್ಲೇ ನಿಂತೀಯಾ?"

ನಾನು ಕೊಡ ಹಿಡಿದು ಓಡಿದೆ. ಈ ವಯಸ್ಸಿನಲ್ಲಿ, ಈ ಹೊಟ್ಟೆ ಇಟ್ಟುಕೊಂಡು, ಲುಂಗಿ ಎತ್ತಿಕಟ್ಟಿ ಓಡಿದೆ. ನೀರು ತುಂಬಿಕೊಳ್ಳುವಾಗ ನಗು ಬರುತ್ತಿತ್ತು. ಮೇಲಿನಿಂದ ಇನ್ನೂ ಬೈಗುಳ ಕೇಳಿಸುತ್ತಿತ್ತು. ಸ್ವಲ್ಪ ನಿಧಾನವಾಗಿಯೇ ತುಂಬಿದೆ, ಇನ್ನಷ್ಟು ಬೈಯಲಿ ಅಂತ.

ಸಿಕ್ಕಷ್ಟು ಕಾಳು ಕೆದರಿ ತೆಗೆದು, ನೀರು ತುಂಬಿ, ಅಲ್ಲಲ್ಲಿ ನಿಲ್ಲಿಸುತ್ತ ಹೇಗೋ ಮನೆ ಮುಟ್ಟಿದೆವು. ಉಳಿದ ಕಾಳು ತೆಗೆಯುವ ಕೆಲಸ ಸಂಜೆತನಕ ನಡೆಯಿತು. ನಾನು ಸೊಟ್ಟಗೆ ಬಗ್ಗಿಸಿದ ತಂತಿಯಿಂದ ಗೀರಿ ತೆಗೆಯುವುದು, ಮಾವನವರು ಪೈಪಿನಲ್ಲಿ ನೀರು ಬಿಡುವುದು. ಬೇವಿನ ಮರದ ಕೆಳಗೆ ತಲೆಗೆ ತಲೆ ಕೊಟ್ಟು ಕೂತಿದ್ದೆವು. "ಅಲ್ಲೊಂದು ಐತಿ ನೋಡೋ. ಅಲ್ಲಲ್ಲೋ ಕುರುಡಾ, ಎಡಕ್ಕ." ಒಂದು ಸಲ ಬೆನ್ನಿಗೂ ಬಿತ್ತು. ಫಟ್ ಅಂತ. ಚೆನ್ನಾಗಿಯೇ ಬಿತ್ತು. ಅಷ್ಟು ಬಿಸಿಗೂ ಎಂಜಿನ್ನಿನ ಹೆಡ್ ಸೊಟ್ಟಗಾಗಿರಲಿಲ್ಲ, ನನ್ನ ಪುಣ್ಯ.

ಷಡ್ಡಕ ತೋಳು ಮಡಿಸಿಕೊಂಡು ಹತ್ತಿರ ಬಂದು ಕೂರಲು ನೋಡಿದ.

"ನೀ ಬ್ಯಾಡ" ಅಂದರು ಮಾವನವರು. "ಇದು ನಂದೂ ಇವಂದೂ ಗುಗ್ಗರಿ. ಹೋಗಿ ಕುಂದರು ಅತ್ತಾಗ."

ಅವನು ಹೋಗಿ ಕೂತ. ಎಲ್ಲಿ? ನನ್ನ ಕುರ್ಚಿಯಲ್ಲಿ. ಟವೆಲ್ ಹಾಸಿದ್ದ ಹಾಗೇ ಇತ್ತು. ಅತ್ತೆಯವರು ಅವನಿಗೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ, ಚಹಾ ತಂದುಕೊಟ್ಟರು. "ತಗೋರಿ ಮಾಸ್ತರ್ರ" ಅಂದರು, ನನ್ನ ಕಿವಿಯಾರೆ ಕೇಳಿದೆ. ಅವನು ಕಾಲ ಮೇಲೆ ಕಾಲು ಹಾಕಿ ಬಜ್ಜಿ ಮುರಿದ. ಹಬೆ ಬಂತು. ನಾನು ತುಕ್ಕು ನೀರಿನಲ್ಲಿ ಮೊಣಕೈತನಕ ಮುಳುಗಿದ್ದೆ, ಮಂಡಿ ನೋಯುತ್ತಿತ್ತು, ಮಧ್ಯಾಹ್ನದ ಊಟವೂ ಆಗಿರಲಿಲ್ಲ. ಕುರ್ಚಿಯ ಕಡೆ ನೋಡಿದೆ. ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು ನೋಡಿ. ಅಷ್ಟು ವರ್ಷ ಕೂತು ಕೂತು ನಾನೇ ಕಾಯಿಸಿಟ್ಟ ಕುರ್ಚಿ ಅದು.

ಕಾರು ಈಗ ಚೆನ್ನಾಗಿ ಓಡುತ್ತಿದೆ. ಹೊಗೆ ಇಲ್ಲ, ಬಿಸಿಯೂ ಇಲ್ಲ. ನಾನು ಹೋದರೆ ಮಾವನವರು ಒಳಗಿನಿಂದಲೇ "ಬಂದೇನಲೇ ಗುಗ್ಗರಿ?" ಅಂತ ಕೂಗಿ ಯಾವುದಾದರೂ ಕೆಲಸ ಹೇಳುತ್ತಾರೆ. ಷಡ್ಡಕ ಬಂದರೆ ಪಡಸಾಲೆಯಲ್ಲಿ ಕೂರುತ್ತಾನೆ. ಹೋದ ಹಬ್ಬಕ್ಕೆ ಅಲ್ಲಿಂದಲೇ ನನ್ನದೊಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದ. ನಾನು ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದು, ಮೊಣಕೈತನಕ ಗ್ರೀಸ್. ನನ್ನ ಹೆಂಡತಿ ಅದಕ್ಕೆ ಕೆಂಪು ಹೃದಯ ಒತ್ತಿದಳು. ಅದು ನನಗೋ, ಫೋಟೋ ತೆಗೆದವನಿಗೋ ಅಂತ ಕೇಳಿದೆ. "ಫೋಟೋ ಚೆಂದ ಬಂದೈತ್ರಿ" ಅಂದಳು. ಈ ಉತ್ತರ ನುಂಗಿಕೊಂಡು ಎಷ್ಟು ದಿನ ನಿದ್ದೆ ಮಾಡಬೇಕು ಹೇಳಿ.

ನಿಮ್ಮ ಷಡ್ಡಕ ಏನು ಮಾಡಿದ? ನಿಮ್ಮ ಮಾವನ ಮನೆಯಲ್ಲಿ ಕುರ್ಚಿ ಯಾರಿಗೆ, ಬೈಗುಳ ಯಾರಿಗೆ? ಅವನಿಗಿಂತ ಮೇಲೆ ಅನ್ನಿಸಿಕೊಳ್ಳಲು ಹೋಗಿ ನೀವು ಏನು ಬಿಚ್ಚಿದಿರಿ, ಏನು ಬೇಯಿಸಿದಿರಿ, ಕೆಳಗೆ ಬರೆಯಿರಿ. ಷಡ್ಡಕ ಓದುತ್ತಾನೆ ಅಂತ ಹೆದರಬೇಡಿ. ನನ್ನವನು ಇದನ್ನೂ ಓದುತ್ತಾನೆ, ಓದಿ ಮೊದಲ ಹೆಬ್ಬೆರಳು ಅವನೇ ಒತ್ತುತ್ತಾನೆ. ಅಂಥವನು ಅವನು.